ವೈದ್ಯಕೀಯ ವಿಭಾಗಕ್ಕೆ ಹೊಸ ಸಿಬ್ಬಂದಿ ಬಂದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗ ಅಂದರೆ ಒಂದೇ ಸೂರಿನಡಿ ಮೂರು ಕೆಲಸ. ರೋಗಿಗಳನ್ನು ನೋಡಬೇಕು, ವಿದ್ಯಾರ್ಥಿಗಳಿಗೆ ಕಲಿಸಬೇಕು, ಸಂಶೋಧನೆಯೂ ನಡೆಯಬೇಕು. ಹೊಸದಾಗಿ ಸೇರಿದವರು ಈ ಮೂರಕ್ಕೂ ಒಟ್ಟೊಟ್ಟಿಗೆ ಹೊಂದಿಕೊಳ್ಳಬೇಕಾಗುತ್ತದೆ. ಅವರನ್ನು ಬರಮಾಡಿಕೊಳ್ಳುವ ಹೊಣೆ ಹೊತ್ತವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಹೊಸಬರೇ ಕೇಳುವ ಕೆಲವು ಪ್ರಶ್ನೆಗಳೂ ಇವೆ. ಸ್ವಾಗತ ಸರಿಯಾಗಿ ಆಯಿತೋ ಇಲ್ಲವೋ ಎಂದು ನೋಡಲು ನಾನು ಬಳಸುವ ಅಳತೆಗೋಲು ಒಂದೇ: ಮೊದಲ ವಾರ ಮುಗಿಯುವಷ್ಟರಲ್ಲಿ ಹೊಸಬರು ಅಳುಕಿಲ್ಲದೆ "ಇದು ನನಗೆ ಗೊತ್ತಿಲ್ಲ, ಸ್ವಲ್ಪ ತೋರಿಸಿ" ಎಂದು ಕೇಳುತ್ತಿದ್ದಾರಾ?

ತಯಾರಿ ಯಾವಾಗ ಶುರುವಾಗಬೇಕು?

ನೇಮಕಾತಿ ಆದೇಶ ಕೈಗೆ ಬಂದ ದಿನವೇ. ಅವರು ಬಾಗಿಲಲ್ಲಿ ಬಂದು ನಿಂತ ಮೇಲೆ ಕುರ್ಚಿ ಹುಡುಕಲು ಹೊರಟರೆ ತಡವಾಯಿತು ಅಂತಲೇ ಅರ್ಥ.

ಮೊದಲೇ ಆಗಿರಬೇಕಾದ ಕೆಲಸಗಳು ಚಿಕ್ಕಚಿಕ್ಕವು. ಗುರುತಿನ ಚೀಟಿ, ಕೂರಲು ಜಾಗ, ಬೀಗದ ಕೈ, ಡ್ಯೂಟಿ ಪಟ್ಟಿಯಲ್ಲಿ ಹೆಸರು, ಆಸ್ಪತ್ರೆಯ ಕಂಪ್ಯೂಟರ್ ವ್ಯವಸ್ಥೆಗೆ ಲಾಗಿನ್. ಇವುಗಳಲ್ಲಿ ಕೊನೆಯದು ನೋಡಲು ಸಣ್ಣದು, ಪರಿಣಾಮ ಮಾತ್ರ ದೊಡ್ಡದು. ಲಾಗಿನ್ ಸಿಗದ ಹೊಸ ಡಾಕ್ಟರ್ ಏನು ಮಾಡುತ್ತಾರೆ? ಪಕ್ಕದವರ ಲಾಗಿನ್ ಬಳಸುತ್ತಾರೆ. ಪಕ್ಕದವರೂ ಪಾಪ ಅಂತ ಕೊಟ್ಟುಬಿಡುತ್ತಾರೆ. ಅಲ್ಲಿಂದ ಮುಂದೆ ಔಷಧಿ ಬರೆದವರು ಒಬ್ಬರು, ದಾಖಲೆಯಲ್ಲಿ ಇರುವ ಹೆಸರು ಇನ್ನೊಬ್ಬರದು. ರಾತ್ರಿ ಡೋಸ್ ಬಗ್ಗೆ ಅನುಮಾನ ಬಂದ ನರ್ಸ್ ಫೋನ್ ಮಾಡುವುದು ರೋಗಿಯನ್ನು ನೋಡಿಯೇ ಇಲ್ಲದವರಿಗೆ. ಲಾಗಿನ್ ಸಿಗುವವರೆಗೆ ಅವರಿಗೆ ಸ್ವತಂತ್ರ ಕೆಲಸ ಕೊಡಬೇಡಿ ಎಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಮೊದಲ ದಿನ ಏನೇನು ಹೇಳಬೇಕು?

ಎಷ್ಟು ಸಾಧ್ಯವೋ ಅಷ್ಟು ಕಡಿಮೆ. ದಪ್ಪ ನಿಯಮ ಪುಸ್ತಕ ಕೈಗಿಟ್ಟು, ಸಾಲಾಗಿ ಐದಾರು ಭಾಷಣ ಕೇಳಿಸಿ ಕಳಿಸಿದರೆ ಸಂಜೆಗೆ ತಲೆಯಲ್ಲಿ ಏನೂ ಉಳಿದಿರುವುದಿಲ್ಲ. ರಜೆಯ ನಿಯಮ, ಬಡ್ತಿ, ಖರೀದಿಯ ಕಾಗದಪತ್ರ ಎಲ್ಲ ಎರಡನೇ ವಾರಕ್ಕೆ ಇರಲಿ. ಮೊದಲ ದಿನ ಮೂರು ವಿಷಯ ಸಾಕು: ಯಾರು ಯಾರು, ಯಾವುದು ಎಲ್ಲಿ, ತುರ್ತು ಬಂದರೆ ಏನು ಮಾಡಬೇಕು.

ತುರ್ತಿನ ವಿಷಯವನ್ನು ಬಾಯಲ್ಲಿ ಹೇಳಿದರೆ ಸಾಲದಾ?

ಸಾಲದು. ಕೈಯಲ್ಲಿ ಮಾಡಿಸಿ.

ಕ್ರ್ಯಾಶ್ ಕಾರ್ಟ್, ಅಂದರೆ ತುರ್ತು ಔಷಧಿ, ಉಪಕರಣ ಇಟ್ಟಿರುವ ಗಾಡಿಯ ಉದಾಹರಣೆ ತೆಗೆದುಕೊಳ್ಳಿ. "ಅಲ್ಲಿದೆ ನೋಡಿ" ಎಂದು ಬೆರಳು ತೋರಿಸಿ ಮುಂದೆ ಹೋಗುವುದೇ ಎಲ್ಲ ಕಡೆ ರೂಢಿ. ಅದರ ಬದಲು ಹೊಸಬರನ್ನು ಅದರ ಮುಂದೆ ನಿಲ್ಲಿಸಿ. ಸೀಲ್ ಅನ್ನು ಅವರೇ ಮುರಿಯಲಿ. ಮೇಲಿನ ಡ್ರಾಯರ್ ಎಳೆದು ಅಡ್ರಿನಲಿನ್ ಯಾವ ಸಾಲಿನಲ್ಲಿದೆ ಎಂದು ನೋಡಲಿ. ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪ್‌ಗೆ ಬ್ಲೇಡ್ ಜೋಡಿಸಿ ಬಲ್ಬ್ ಹೊತ್ತಿಕೊಳ್ಳುತ್ತದಾ ಪರೀಕ್ಷಿಸಲಿ. ಕೈಯಿಂದ ಉಸಿರು ಕೊಡುವ ಆಂಬು ಬ್ಯಾಗ್ ಒತ್ತಿ ನೋಡಲಿ. ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಆನ್ ಮಾಡಲಿ, ಪ್ಯಾಡ್‌ಗಳ ಎಕ್ಸ್‌ಪೈರಿ ದಿನಾಂಕ ಓದಲಿ. ಕೊನೆಗೆ ಎಲ್ಲವನ್ನೂ ಮೊದಲಿದ್ದ ಜಾಗದಲ್ಲೇ ಇಟ್ಟು, ಹೊಸ ಸೀಲ್ ಹಾಕಿ, ರಿಜಿಸ್ಟರ್‌ನಲ್ಲಿ ಸಹಿ ಮಾಡಲಿ. ಇಷ್ಟಕ್ಕೆ ಹೆಚ್ಚು ಹೊತ್ತೇನೂ ಬೇಕಾಗುವುದಿಲ್ಲ. ಆದರೆ ನಡುರಾತ್ರಿ ಒಬ್ಬ ರೋಗಿಯ ಹೃದಯ ನಿಂತಾಗ ಆ ಕೈಗಳಿಗೆ ದಾರಿ ಗೊತ್ತಿರುತ್ತದೆ.

ಬೆಂಕಿ ಆರಿಸುವ ಸಿಲಿಂಡರ್, ಹೊರಹೋಗುವ ದಾರಿ, ಆಕ್ಸಿಜನ್ ಲೈನ್ ಮುಚ್ಚುವ ವಾಲ್ವ್ ಎಲ್ಲಿದೆ, ಅದನ್ನು ಮುಚ್ಚುವ ನಿರ್ಧಾರ ಯಾರದು, ಇವನ್ನೂ ಅದೇ ಸುತ್ತಿನಲ್ಲಿ ನಡೆಸಿಕೊಂಡು ಹೋಗಿ ತೋರಿಸಿ.

ಬೇರೆ ಕಡೆ ಹತ್ತಾರು ವರ್ಷ ಕೆಲಸ ಮಾಡಿ ಬಂದವರಿಗೂ ಇದೆಲ್ಲ ಬೇಕಾ? ಅವರಿಗೆ ಅವಮಾನ ಅನಿಸುವುದಿಲ್ವಾ?

ಅವರಿಗೇ ಹೆಚ್ಚು ಬೇಕು. ಈಗಷ್ಟೇ ಓದು ಮುಗಿಸಿದವರು ತಮಗೆ ಗೊತ್ತಿಲ್ಲ ಎಂದುಕೊಂಡೇ ಬರುತ್ತಾರೆ, ಕೇಳುತ್ತಾರೆ. ಅನುಭವಸ್ಥರ ಕೈ ಮಾತ್ರ ಹಳೆಯ ಆಸ್ಪತ್ರೆಯ ರೂಢಿಯಲ್ಲೇ ಓಡುತ್ತಿರುತ್ತದೆ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಅನ್ನೇ ನೋಡಿ. ಒಂದು ಮಿಲಿಲೀಟರ್‌ನಲ್ಲಿ 1000 ಯೂನಿಟ್ ಇರುವ ಸೀಸೆಯೂ ಬರುತ್ತದೆ, 5000 ಯೂನಿಟ್ ಇರುವುದೂ ಬರುತ್ತದೆ. ಮೊದಲನೆಯದಕ್ಕೆ ಒಗ್ಗಿಹೋದ ಕೈ ಎರಡನೆಯದರಿಂದ ಅಷ್ಟೇ ಎಳೆದುಕೊಂಡರೆ ರೋಗಿಗೆ ಐದು ಪಟ್ಟು ಔಷಧಿ ಹೋಗುತ್ತದೆ. ಇನ್‌ಫ್ಯೂಷನ್ ಪಂಪ್‌ಗಳ ಬಟನ್‌ಗಳೂ ಒಂದೊಂದು ಕಂಪನಿಯವು ಒಂದೊಂದು ಥರ. ತುರ್ತು ಘೋಷಣೆಯ ಬಣ್ಣಗಳೂ ಹಾಗೇ. ಕೋಡ್ ಬ್ಲೂ ಅಂದರೆ ಹೃದಯ ಸ್ತಂಭನ ಎಂಬುದು ಬಹುತೇಕ ಎಲ್ಲ ಕಡೆ ಒಂದೇ. ಉಳಿದ ಬಣ್ಣಗಳ ಅರ್ಥ ಆಸ್ಪತ್ರೆಯಿಂದ ಆಸ್ಪತ್ರೆಗೆ ಬದಲಾಗುತ್ತದೆ.

ಅವಮಾನದ ಪ್ರಶ್ನೆ ಬರುವುದು ನಾವು ಹೇಳುವ ರೀತಿಯಲ್ಲಿ. "ನಿಮಗೆ ಕಲಿಸ್ತೀವಿ" ಎಂದರೆ ಯಾರಿಗಾದರೂ ಮುಜುಗರವೇ. "ನಮ್ಮಲ್ಲಿ ಹೀಗಿದೆ, ನೀವಿದ್ದ ಕಡೆ ಹೇಗಿತ್ತು?" ಎಂದು ಕೇಳಿ ನೋಡಿ. ಅವರೂ ಮಾತಾಡುತ್ತಾರೆ, ನಿಮಗೂ ಒಂದೆರಡು ಹೊಸ ವಿಷಯ ಸಿಗುತ್ತದೆ.

ಪರಿಚಯ ಹೇಗೆ ಮಾಡಿಸಬೇಕು?

ಹೆಸರು, ಹುದ್ದೆ, ಅವರು ನೋಡಿಕೊಳ್ಳುವ ಕೆಲಸ. ಡಾಕ್ಟರ್‌ಗಳಿಗೆ ಮಾತ್ರ ಪರಿಚಯಿಸಿ ನಿಲ್ಲಿಸಬೇಡಿ. ಸ್ಟಾಫ್ ನರ್ಸ್, ಟೆಕ್ನಿಷಿಯನ್, ಅಟೆಂಡರ್, ಕಚೇರಿಯವರು, ಸ್ವಚ್ಛತೆ ನೋಡಿಕೊಳ್ಳುವವರು, ಎಲ್ಲರಿಗೂ.

ಇದು ಬರೀ ಸೌಜನ್ಯದ ಮಾತು ಅಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಯ ಸುರಕ್ಷತೆಗೆ ಒಂದು ಚೆಕ್‌ಲಿಸ್ಟ್ ಹೊರತಂದಿತು. ಚರ್ಮಕ್ಕೆ ಕತ್ತಿ ತಾಗಿಸುವ ಮುಂಚೆ ತಂಡದ ಪ್ರತಿಯೊಬ್ಬರೂ ತಮ್ಮ ಹೆಸರು, ಪಾತ್ರ ಹೇಳಿ ಪರಿಚಯ ಮಾಡಿಕೊಂಡಿದ್ದಾರೆ ಎಂದು ಖಚಿತಪಡಿಸಿಕೊಳ್ಳುವುದು ಅದರಲ್ಲಿರುವ ಒಂದು ಸಾಲು. ಎಂಟು ನಗರಗಳ ಆಸ್ಪತ್ರೆಗಳಲ್ಲಿ ಆ ಚೆಕ್‌ಲಿಸ್ಟ್ ಬಳಸಿ ನೋಡಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಸಾವಿನ ಪ್ರಮಾಣ ಶೇಕಡ 1.5 ಇದ್ದದ್ದು 0.8ಕ್ಕೆ ಇಳಿದಿತ್ತು. ಪರಿಚಯವೊಂದರಿಂದಲೇ ಹಾಗಾಯಿತು ಎಂದು ನಾನು ಹೇಳುವುದಿಲ್ಲ, ಪಟ್ಟಿಯಲ್ಲಿ ಇನ್ನೂ ಎಷ್ಟೋ ಅಂಶಗಳಿವೆ. ಆದರೆ ಒಮ್ಮೆ ತನ್ನ ಹೆಸರನ್ನು ಎಲ್ಲರೆದುರು ಗಟ್ಟಿಯಾಗಿ ಹೇಳಿದವರಿಗೆ ಆಮೇಲೆ "ಒಂದು ನಿಮಿಷ, ಇದು ಎಡಗಾಲು ಅಲ್ವಾ?" ಎಂದು ಕೇಳುವ ಧೈರ್ಯ ಬರುತ್ತದೆ. ಹೊಸಬರಿಗೆ ಬೇಕಾದದ್ದೇ ಆ ಧೈರ್ಯ.

ಜೊತೆಗಾರರಾಗಿ ಯಾರನ್ನು ಕೊಡಬೇಕು?

ಅದೇ ಕೆಲಸವನ್ನು ಒಂದೆರಡು ವರ್ಷದಿಂದ ಮಾಡುತ್ತಿರುವವರನ್ನು. ತಾವು ಹೊಸಬರಾಗಿದ್ದಾಗ ಎಲ್ಲಿ ಎಡವಿದ್ದರು ಎಂಬುದು ಅವರಿಗಿನ್ನೂ ನೆನಪಿರುತ್ತದೆ. ವಿಭಾಗದ ಮುಖ್ಯಸ್ಥರು ಎಷ್ಟೇ ಒಳ್ಳೆಯವರಾಗಿದ್ದರೂ ಈ ಜಾಗಕ್ಕೆ ಹೊಂದುವುದಿಲ್ಲ. ಮುಂದೆ ತಮ್ಮ ಕೆಲಸದ ವರದಿ ಬರೆಯುವವರ ಹತ್ತಿರ ಯಾರೂ ಸಣ್ಣಪುಟ್ಟ ಅನುಮಾನ ಕೇಳುವುದಿಲ್ಲ.

ಜೊತೆಗಾರರ ಕೆಲಸದ ಹೊರೆಯನ್ನು ಆ ದಿನಗಳಲ್ಲಿ ಸ್ವಲ್ಪ ಇಳಿಸಿ. ಎಂದಿನ ಕೆಲಸ ಪೂರ್ತಿ ಇಟ್ಟು ಮೇಲೆ ಇದನ್ನೂ ಹೇರಿದರೆ ಇಬ್ಬರಿಗೂ ನ್ಯಾಯವಲ್ಲ.

ಲಸಿಕೆಗಳ ವಿಷಯ ಏನು?

ರೋಗಿಗಳ ಹತ್ತಿರ ಹೋಗುವ ಮೊದಲೇ ವಿಚಾರಿಸಿ. ಮುಖ್ಯವಾದದ್ದು ಹೆಪಟೈಟಿಸ್ ಬಿ. ಸಾಮಾನ್ಯವಾಗಿ ಮೂರು ಡೋಸ್: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ತುಂಬಾ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ರಕ್ತದಲ್ಲಿ ಪ್ರತಿಕಾಯದ ಮಟ್ಟ ನೋಡಿಸಬೇಕು. ಒಂದು ಮಿಲಿಲೀಟರ್‌ಗೆ 10 ಮಿಲಿ ಯೂನಿಟ್ ಅಥವಾ ಹೆಚ್ಚು ಇದ್ದರೆ ರಕ್ಷಣೆ ಇದೆ ಎಂದರ್ಥ. ಕೆಲವರಲ್ಲಿ ಮೂರೂ ಡೋಸ್ ತೆಗೆದುಕೊಂಡರೂ ಅಷ್ಟು ಬಂದಿರುವುದಿಲ್ಲ. ಅವರಿಗೆ ಆ ವಿಷಯ ಗೊತ್ತಿರಲೇಬೇಕು.

ಕಚೇರಿಯಲ್ಲೇ ಕೂರುವವರಿಗೆ ಯಾವ ಲಸಿಕೆ ಬೇಕು ಎನ್ನುವುದು ಅವರ ಕೆಲಸದ ಮೇಲೆ ಹೋಗುತ್ತದೆ. ಸಿಬ್ಬಂದಿ ಆರೋಗ್ಯ ನೋಡಿಕೊಳ್ಳುವವರು ನಿರ್ಧರಿಸಲಿ.

ಹೊಸಬರ ಪ್ರಶ್ನೆ: ಸೂಜಿ ಚುಚ್ಚಿದರೆ ಏನು ಮಾಡಲಿ? ಹೇಳಿದರೆ ಬೈತಾರಾ?

ಈ ಪ್ರಶ್ನೆಯ ಎರಡನೇ ಭಾಗವೇ ನನ್ನನ್ನು ಹೆಚ್ಚು ಕಾಡುತ್ತದೆ. ಬೈಸಿಕೊಳ್ಳುವ ಭಯಕ್ಕೆ ಎಷ್ಟೋ ಜನ ಹೇಳುವುದೇ ಇಲ್ಲ. ಸುಮ್ನೆ ತೊಳೆದುಕೊಂಡು, ಬ್ಯಾಂಡೇಜ್ ಸುತ್ತಿಕೊಂಡು, ಮುಂದಿನ ರೋಗಿಯ ಹತ್ತಿರ ಹೋಗುತ್ತಾರೆ. ಹಾಗಾಗಿ ಸ್ವಾಗತದ ದಿನವೇ, ಯಾರೂ ಕೇಳದಿದ್ದರೂ, ಮುಖ್ಯಸ್ಥರು ತಮ್ಮ ಬಾಯಲ್ಲೇ ಹೇಳಬೇಕು: ಚುಚ್ಚಿಕೊಂಡರೆ ತಕ್ಷಣ ಹೇಳಿ, ಯಾರೂ ಬೈಯುವುದಿಲ್ಲ, ಆ ಕ್ಷಣದಿಂದ ನಿಮ್ಮ ಕೆಲಸವನ್ನು ಇನ್ನೊಬ್ಬರು ನೋಡಿಕೊಳ್ಳುತ್ತಾರೆ.

ಮಾಡಬೇಕಾದದ್ದು ಇಷ್ಟು. ಚುಚ್ಚಿದ ಜಾಗವನ್ನು ಸೋಪು ನೀರಿನಲ್ಲಿ ತೊಳೆಯಿರಿ. ರಕ್ತ ಬರಲಿ ಎಂದು ಹಿಂಡಬೇಡಿ. ಬ್ಲೀಚ್‌ನಂಥದ್ದು ಹಾಕಬೇಡಿ. ಕಣ್ಣಿಗೆ ಹಾರಿದ್ದರೆ ಬರೀ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಆಮೇಲೆ ನೇರ ಹೋಗಿ ವರದಿ ಮಾಡಿ. ರೋಗಿಯ ರಕ್ತ ಪರೀಕ್ಷೆ ಆಗಬೇಕಾ, ನಿಮಗೆ ಔಷಧಿ ಬೇಕಾ ಎಂದು ಅಲ್ಲಿ ತೀರ್ಮಾನಿಸುತ್ತಾರೆ. ಎಚ್‌ಐವಿ ತಡೆಯುವ ಔಷಧಿ ಬೇಕಾದರೆ ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. ಮೊದಲ ಕೆಲವು ಗಂಟೆಗಳಲ್ಲೇ ಆದರೆ ಉತ್ತಮ, 72 ಗಂಟೆ ದಾಟಬಾರದು. 28 ದಿನ ತೆಗೆದುಕೊಳ್ಳಬೇಕು. ಎಚ್‌ಐವಿ ಇರುವವರ ರಕ್ತದ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ಸುಮಾರು ಶೇಕಡ 0.3. ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ಶೇಕಡ 30ರವರೆಗೂ ಹೋಗಬಹುದು. ಲಸಿಕೆಯ ಬಗ್ಗೆ ಮೇಲೆ ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಹೊಸಬರಿಗೆ ನಾನು ಒಂದು ಹಳೆಯ ಘಟನೆ ಹೇಳುವುದುಂಟು. 1847ರಲ್ಲಿ ವಿಯೆನ್ನಾದಲ್ಲಿ ಯಾಕೋಬ್ ಕೊಲೆಚ್ಕಾ ಎಂಬ ಪ್ರಾಧ್ಯಾಪಕರು ಶವಪರೀಕ್ಷೆ ನಡೆಸುತ್ತಿದ್ದಾಗ ವಿದ್ಯಾರ್ಥಿಯೊಬ್ಬನ ಚಾಕು ಅವರ ಬೆರಳಿಗೆ ತಾಗಿತು. ನಂಜು ಏರಿ ತೀರಿಕೊಂಡರು. ಅವರ ಗೆಳೆಯ, ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಕೊಲೆಚ್ಕಾ ಅವರದೇ ದೇಹದ ಶವಪರೀಕ್ಷೆಯ ವರದಿ ಓದಿದಾಗ, ಹೆರಿಗೆ ವಾರ್ಡ್‌ನಲ್ಲಿ ಬಾಣಂತಿಯರು ಸಾಯುತ್ತಿದ್ದುದೂ ಇದೇ ಥರದ ಕಾಯಿಲೆಯಿಂದ ಎಂದು ಹೊಳೆಯಿತು. ಶವಗಳನ್ನು ಕೊಯ್ದ ಕೈಗಳೇ ಹೆರಿಗೆ ಮಾಡಿಸುತ್ತಿದ್ದವು. ಕ್ಲೋರಿನ್ ಬೆರೆತ ನೀರಿನಲ್ಲಿ ಕೈ ತೊಳೆಯುವ ನಿಯಮ ತಂದರು, ಸಾವು ಗಣನೀಯವಾಗಿ ಇಳಿಯಿತು. ಒಂದು ಸಣ್ಣ ಗಾಯದ ವರದಿಯನ್ನು ಗಮನವಿಟ್ಟು ಓದಿದ್ದರಿಂದ ಇಷ್ಟೆಲ್ಲ ಆಯಿತು.

ಕೈ ತೊಳೆಯುವುದನ್ನೂ ಹೇಳಿಕೊಡಬೇಕಾ?

ಹೌದು, ಯಾವಾಗ ತೊಳೆಯಬೇಕು ಎಂಬುದನ್ನೂ. ರೋಗಿಯನ್ನು ಮುಟ್ಟುವ ಮೊದಲು, ಸ್ವಚ್ಛ ವಿಧಾನದಲ್ಲಿ ಮಾಡುವ ಕೆಲಸಕ್ಕೆ ಮೊದಲು, ದೇಹದ ದ್ರವ ತಗಲಬಹುದಾದ ಕೆಲಸದ ನಂತರ, ರೋಗಿಯನ್ನು ಮುಟ್ಟಿದ ನಂತರ, ರೋಗಿಯ ಸುತ್ತಲಿನ ವಸ್ತು ಮುಟ್ಟಿದ ನಂತರ. ಈ ಕೊನೆಯದೇ ಮರೆತುಹೋಗುವುದು ಜಾಸ್ತಿ. ಆಲ್ಕೋಹಾಲ್ ಇರುವ ಹ್ಯಾಂಡ್ ರಬ್ ಆದರೆ 20ರಿಂದ 30 ಸೆಕೆಂಡ್, ಸೋಪು ನೀರಾದರೆ ಒರೆಸಿಕೊಳ್ಳುವವರೆಗೆ ಸೇರಿ 40ರಿಂದ 60 ಸೆಕೆಂಡ್. ಹಿರಿಯರು ರೌಂಡ್ಸ್‌ನಲ್ಲಿ ಮಾಡಿದರೆ ಕಿರಿಯರೂ ಮಾಡುತ್ತಾರೆ. ಹಿರಿಯರು ಬಿಟ್ಟರೆ ಗೋಡೆಯ ಮೇಲಿನ ಪೋಸ್ಟರ್ ಏನೂ ಮಾಡಲಾರದು.

ರಾತ್ರಿ ಡ್ಯೂಟಿ ಯಾವಾಗ ಕೊಡಬಹುದು?

ಹಗಲಲ್ಲಿ ಒಂದು ಸುತ್ತು ಎಲ್ಲ ನೋಡಿದ ಮೇಲೆ, ಮೊದಲ ಕೆಲವು ರಾತ್ರಿ ಇನ್ನೊಬ್ಬರ ಜೊತೆಯಲ್ಲಿ. ಜನ ಕಡಿಮೆ ಇದ್ದಾರೆ ಎಂದು ಎರಡನೇ ದಿನವೇ ಒಬ್ಬರನ್ನೇ ರಾತ್ರಿಗೆ ಹಾಕುವುದು ತಪ್ಪು. ಜನ ಕಡಿಮೆ ಇರುವುದು ಆಡಳಿತದ ಸಮಸ್ಯೆ. ಅದರ ಭಾರ ಹೊಸಬರ ಮೇಲೂ ರೋಗಿಯ ಮೇಲೂ ಬೀಳಬಾರದು.

"ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ" ಎಂದು ಎಲ್ಲ ಹಿರಿಯರೂ ಹೇಳುತ್ತಾರೆ. ಮೊದಲ ಸಲ ಫೋನ್ ಬಂದಾಗ ಅವರ ದನಿ ಹೇಗಿತ್ತು ಎನ್ನುವುದರ ಮೇಲೆ ಎರಡನೇ ಫೋನ್ ಬರುತ್ತದೋ ಇಲ್ಲವೋ ಎಂಬುದು ನಿಂತಿದೆ.

ಡ್ಯೂಟಿ ಬದಲಾಗುವಾಗ ರೋಗಿಗಳನ್ನು ಒಪ್ಪಿಸುವುದನ್ನು ಹೇಗೆ ಕಲಿಸುವುದು?

ವಿಭಾಗಕ್ಕೊಂದು ನಿಶ್ಚಿತ ಕ್ರಮ ಇರಲಿ. ಐ-ಪಾಸ್ ಎಂಬ ಕ್ರಮ ಒಳ್ಳೆಯದು. ಕಾಯಿಲೆ ಎಷ್ಟು ತೀವ್ರ, ರೋಗಿಯ ಸಂಕ್ಷಿಪ್ತ ವಿವರ, ಮಾಡಬೇಕಾದ ಕೆಲಸ, ಮುಂದೆ ಹೀಗಾದರೆ ಹೀಗೆ ಮಾಡಿ ಎಂಬ ಸೂಚನೆ, ಕೊನೆಗೆ ಕೇಳಿಸಿಕೊಂಡವರು ತಮ್ಮ ಮಾತಲ್ಲಿ ತಿರುಗಿ ಹೇಳುವುದು. ಒಂಬತ್ತು ಆಸ್ಪತ್ರೆಗಳ ಮಕ್ಕಳ ವಿಭಾಗಗಳಲ್ಲಿ ಇದನ್ನು ಅಳವಡಿಸಿ ನೋಡಿದಾಗ ವೈದ್ಯಕೀಯ ತಪ್ಪುಗಳು ಶೇಕಡ 23ರಷ್ಟು ಕಡಿಮೆಯಾದವು ಎಂದು 2014ರ ಅಧ್ಯಯನ ತೋರಿಸಿತು.

ಹೊಸಬರಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಕೊನೆಯ ಹೆಜ್ಜೆ. ಹಿರಿಯರು ಗಡಿಬಿಡಿಯಲ್ಲಿ "ನಾಲ್ಕನೇ ಬೆಡ್, ಪೊಟಾಷಿಯಂ ನೋಡ್ಕೊಳ್ಳಿ" ಎಂದು ಹೊರಟರು ಅಂದುಕೊಳ್ಳಿ. ತಿರುಗಿ ಹೇಳುವ ಕ್ರಮ ಇದ್ದರೆ ಹೊಸಬರು ತಡೆದು ಕೇಳುತ್ತಾರೆ: "ನಾಲ್ಕನೇ ಬೆಡ್‌ಗೆ ಹತ್ತು ಗಂಟೆಗೆ ಪೊಟಾಷಿಯಂ ಪರೀಕ್ಷೆಗೆ ಕಳಿಸಬೇಕು. ಎಷ್ಟಕ್ಕಿಂತ ಹೆಚ್ಚಿದ್ದರೆ ನಿಮಗೆ ಫೋನ್ ಮಾಡಲಿ?" ನಿಯಮವೇ ಹಾಗಿರುವುದರಿಂದ ಕೇಳಲು ಸಂಕೋಚ ಪಡಬೇಕಿಲ್ಲ.

ತರಗತಿ ತೆಗೆದುಕೊಳ್ಳಲು ಯಾವಾಗ ಬಿಡಬೇಕು?

ಒಂದೆರಡು ತರಗತಿಗಳಲ್ಲಿ ಹಿಂದೆ ಕೂತು ನೋಡಿದ ಮೇಲೆ ಬಿಡಿ. ಒಳ್ಳೆಯ ಡಾಕ್ಟರ್ ಆದವರೆಲ್ಲ ತಾನಾಗಿಯೇ ಒಳ್ಳೆಯ ಮೇಷ್ಟ್ರು ಆಗಿರುತ್ತಾರೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ನಾನು ಒಪ್ಪುವುದಿಲ್ಲ. ಪಾಠ ಮಾಡುವುದನ್ನೂ ಕಲಿಯಬೇಕು.

ಪರೀಕ್ಷಕರಾಗುವುದಕ್ಕೆ ಇನ್ನೂ ಹೆಚ್ಚು ತಯಾರಿ ಬೇಕು. ವಿದ್ಯಾರ್ಥಿಗಳಿಂದ ಕೆಲಸ ಮಾಡಿಸಿ ಕೌಶಲ ಅಳೆಯುವ ಒಎಸ್‌ಸಿಇ ಪರೀಕ್ಷಾ ಪದ್ಧತಿಯನ್ನು ಸ್ಕಾಟ್ಲೆಂಡ್‌ನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಜೊತೆಗಾರರು 1975ರಲ್ಲಿ ಪ್ರಕಟಿಸಿದ್ದು, ಪರೀಕ್ಷಕರ ಮನಸ್ಸಿಗೆ ಬಂದಂತೆ ಅಂಕ ಬೀಳಬಾರದು ಎಂಬ ಕಾಳಜಿಯಿಂದ. ಎಲ್ಲ ವಿದ್ಯಾರ್ಥಿಗಳಿಗೂ ಒಂದೇ ಕೆಲಸ, ಒಂದೇ ಅಂಕಪಟ್ಟಿ. ಹೊಸ ಪರೀಕ್ಷಕರಿಗೆ ಆ ಪಟ್ಟಿಯನ್ನು ಬೆಳಿಗ್ಗೆ ಪರೀಕ್ಷಾ ಕೊಠಡಿಯಲ್ಲಿ ಕೊಟ್ಟರೆ ಉದ್ದೇಶವೇ ಹಾಳು. ಮುಂಚೆಯೇ ಕೂರಿಸಿ, ಒಂದೇ ಪ್ರದರ್ಶನಕ್ಕೆ ಎಲ್ಲರೂ ಬೇರೆಬೇರೆ ಅಂಕ ಹಾಕಿ, ಯಾಕೆ ವ್ಯತ್ಯಾಸ ಬಂತು ಎಂದು ಮಾತಾಡಿಕೊಳ್ಳಿ.

ಹಾಸಿಗೆಯ ಪಕ್ಕ ಪಾಠ ಮಾಡುವಾಗ ರೋಗಿಯನ್ನು ಮೊದಲು ಕೇಳಬೇಕು. ಬೇಡ ಎಂದರೆ ಬೇಡ.

ಹೊಸಬರ ಪ್ರಶ್ನೆ: ನನ್ನ ಸಂಶೋಧನಾ ಲೇಖನದಲ್ಲಿ ಹಿರಿಯರ ಹೆಸರು ಹಾಕಲೇಬೇಕಾ?

ಅವರು ಕೆಲಸ ಮಾಡಿದ್ದರೆ ಹಾಕಬೇಕು. ಮಾಡದಿದ್ದರೆ ಹಾಕಬಾರದು. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ನಾಲ್ಕು ಷರತ್ತು ಇಟ್ಟಿದೆ, ನಾಲ್ಕೂ ಪೂರೈಸಿರಬೇಕು. ಯೋಜನೆಯಲ್ಲೋ ಮಾಹಿತಿ ಸಂಗ್ರಹ, ವಿಶ್ಲೇಷಣೆಯಲ್ಲೋ ಗಣನೀಯ ಪಾಲು. ಬರೆಯುವುದರಲ್ಲಿ ಅಥವಾ ತಿರುಳಿರುವ ತಿದ್ದುಪಡಿಯಲ್ಲಿ ಪಾಲು. ಅಂತಿಮ ಪ್ರತಿಗೆ ಒಪ್ಪಿಗೆ. ಇಡೀ ಕೆಲಸಕ್ಕೆ ಜವಾಬ್ದಾರಿ ಹೊರುವ ಒಪ್ಪಿಗೆ. ಉಪಕರಣ ಕೊಟ್ಟವರಿಗೆ, ಅನುಮತಿ ಕೊಟ್ಟವರಿಗೆ ಲೇಖನದ ಕೊನೆಯಲ್ಲಿ ಕೃತಜ್ಞತೆ ಹೇಳಬಹುದು.

ಹೊಸಬರು ಇದನ್ನು ಹಿರಿಯರ ಮುಖಕ್ಕೆ ಹೇಳುವುದು ಕಷ್ಟ, ನನಗೆ ಗೊತ್ತು. ಅದಕ್ಕೇ ಈ ಮಾತನ್ನು ವಿಭಾಗವೇ ಮೊದಲು ಹೇಳಬೇಕು, ಕೆಲಸ ಶುರುವಾಗುವ ಮುಂಚೆಯೇ ಯಾರ ಪಾಲು ಏನು ಎಂದು ಬರೆದಿಡಬೇಕು.

ಮನುಷ್ಯರ ಮೇಲಿನ ಯಾವ ಅಧ್ಯಯನವನ್ನೂ ಎಥಿಕ್ಸ್ ಕಮಿಟಿಯ ಮುಂದೆ ಇಡದೆ ಶುರು ಮಾಡಬೇಡಿ. ವಿಶ್ವ ವೈದ್ಯಕೀಯ ಸಂಘ 1964ರಲ್ಲಿ ಒಪ್ಪಿದ ಹೆಲ್ಸಿಂಕಿ ಘೋಷಣೆ ಇದಕ್ಕೆ ಆಧಾರ. 2024ರಲ್ಲಿ ಅದನ್ನು ಮತ್ತೆ ಪರಿಷ್ಕರಿಸಿದ್ದಾರೆ. ಹಳೆಯ ಪ್ರತಿ ಇಟ್ಟುಕೊಂಡಿದ್ದರೆ ಹೊಸದನ್ನು ಕೊಡಿ.

ಕಚೇರಿ ಸಿಬ್ಬಂದಿ, ಲ್ಯಾಬ್‌ನವರು, ಅಟೆಂಡರ್‌ಗಳಿಗೂ ಇಷ್ಟೇ ಮುತುವರ್ಜಿ ಬೇಕಾ?

ಬೇಕು. ಕೇಸ್ ಶೀಟ್ ಎತ್ತಿಕೊಂಡು ಹೋಗುವವರ ಕೈಯಲ್ಲಿ ಒಬ್ಬ ರೋಗಿಯ ಇಡೀ ಬದುಕು ಇರುತ್ತದೆ. ಗುಟ್ಟು ಕಾಯುವ ಮಾತನ್ನು ಡಾಕ್ಟರ್‌ಗಳಿಗೆ ಮಾತ್ರ ಹೇಳಿದರೆ ಪ್ರಯೋಜನವಿಲ್ಲ.

ಅಂಗರಚನಾ ವಿಭಾಗದಲ್ಲಿ ಶವ ಕೆಡದಂತೆ ಇಡುವ ಫಾರ್ಮಾಲಿನ್ ಜೊತೆ ಕೆಲಸ ಮಾಡುವವರಿಗೆ ಅದು ಕ್ಯಾನ್ಸರ್ ತರಬಲ್ಲದು, ಗಾಳಿ ಆಡುವ ವ್ಯವಸ್ಥೆ ಕೆಟ್ಟಾಗ ಸುಮ್ಮನಿರಬಾರದು ಎಂದು ಮೊದಲೇ ತಿಳಿಸಿ. ಅಲ್ಲಿ ಮಲಗಿರುವುದು ದೇಹದಾನ ಮಾಡಿದವರು. ಅವರ ಬಗ್ಗೆ ಹೇಗೆ ಮಾತಾಡಬೇಕು ಎನ್ನುವುದನ್ನು ಹೊಸಬರು ಹಳಬರನ್ನು ನೋಡಿಯೇ ಕಲಿಯುತ್ತಾರೆ.

ಎಕ್ಸ್‌ರೇ, ಸಿಟಿ ಇರುವ ಕಡೆ ಕೆಲಸ ಮಾಡುವವರಿಗೆ?

ವಿಕಿರಣ ಅಳೆಯುವ ಬ್ಯಾಡ್ಜ್ ಮೊದಲ ದಿನವೇ ಕೊಡಿ. ಅಂತರರಾಷ್ಟ್ರೀಯ ಶಿಫಾರಸಿನ ಪ್ರಕಾರ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ) ಮಿತಿ, ಯಾವುದೇ ಒಂದು ವರ್ಷ 50 ದಾಟಬಾರದು. ಗರ್ಭಿಣಿ ಎಂದು ತಿಳಿಸಿದ ಮೇಲೆ ಮಗುವಿಗೆ ತಗಲುವುದು 1 ಮಿಲಿಸೀವರ್ಟ್ ಮೀರದಂತೆ ಕೆಲಸ ಹೊಂದಿಸಬೇಕು. ಹೇಳಿದರೆ ಕೆಲಸಕ್ಕೆ ಕುತ್ತು ಬರುತ್ತದೆ ಎಂಬ ಅಂಜಿಕೆ ಅವರಿಗೆ ಇರದಂತೆ ನೋಡಿಕೊಳ್ಳಿ.

ವಾಟ್ಸಾಪ್ ಗ್ರೂಪ್‌ಗೆ ಸೇರಿಸಬಹುದಾ?

ಡ್ಯೂಟಿ ಬದಲಾವಣೆ, ಮೀಟಿಂಗ್ ಸಮಯಕ್ಕೆ ಸರಿ. ರೋಗಿಯ ಹೆಸರು, ಮುಖ, ರಿಪೋರ್ಟ್ ಇರುವ ಫೋಟೊ ಹಾಕುವಂತಿಲ್ಲ ಎಂದು ಸೇರಿಸುವಾಗಲೇ ಹೇಳಿ.

ಸ್ವಾಗತ ಸಮಾರಂಭ ಬೇಕಾ?

ಮಾಡಿದರೆ ಚೆನ್ನ, ಚಿಕ್ಕದಾಗಿರಲಿ. ಹೊಸಬರಿಂದ ಭಾಷಣ ಕೇಳಬೇಡಿ.

ಹೊಸಬರಿಂದ ಮೊದಲ ತಪ್ಪಾದಾಗ?

ಮೊದಲು ರೋಗಿಯನ್ನು ನೋಡಿ. ಆಮೇಲೆ ಬಾಗಿಲು ಹಾಕಿಕೊಂಡು ಮಾತಾಡಿ. ವಾರ್ಡ್ ನಡುವೆ, ವಿದ್ಯಾರ್ಥಿಗಳ ಎದುರು ಕೂಗಾಡಿದರೆ ಆ ಹೊಸಬರು ಮುಂದೆ ತಪ್ಪನ್ನು ಮುಚ್ಚಿಡಲು ಕಲಿಯುತ್ತಾರೆ. ಅದನ್ನು ನೋಡಿದ ವಿದ್ಯಾರ್ಥಿಗಳೂ ಕಲಿಯುತ್ತಾರೆ. ಎರಡು ಔಷಧಿಯ ಸೀಸೆಗಳು ಒಂದೇ ಥರ ಕಾಣುತ್ತಿದ್ದವಾ? ಹೇಳಿಕೊಡಬೇಕಾದವರು ಹೇಳಿಕೊಟ್ಟಿರಲಿಲ್ವಾ? ಹಾಗಿದ್ದರೆ ಸರಿಪಡಿಸಬೇಕಾದದ್ದು ವ್ಯವಸ್ಥೆಯನ್ನು. ಇಲ್ಲವಾದರೆ ಮುಂದೆ ಬರುವವರೂ ಅದೇ ಕಡೆ ಎಡವುತ್ತಾರೆ.

ಈ ಸ್ವಾಗತದ ಕೆಲಸ ಎಷ್ಟು ದಿನ ನಡೆಯಬೇಕು?

ಕನಿಷ್ಠ ಮೂರು ತಿಂಗಳಾದರೂ ಕಣ್ಣಿಟ್ಟಿರಿ ಎನ್ನುವುದು ನನ್ನ ಅಭಿಪ್ರಾಯ. ಒಂದು ತಿಂಗಳಾದಾಗ ಒಮ್ಮೆ ಕರೆದು ಕೂರಿಸಿಕೊಂಡು "ನಮ್ಮ ವಿಭಾಗದಲ್ಲಿ ನಿಮಗೆ ವಿಚಿತ್ರ ಅನಿಸಿದ್ದು ಏನು?" ಎಂದು ಕೇಳಿ. ತಡ ಮಾಡಿದರೆ ಅವರಿಗೂ ಎಲ್ಲ ಒಗ್ಗಿಹೋಗಿರುತ್ತದೆ. ಒಂದೇ ಮಾಹಿತಿಯನ್ನು ಮೂರು ರಿಜಿಸ್ಟರ್‌ಗಳಲ್ಲಿ ಯಾಕೆ ಬರೆಯುತ್ತೀರಿ, ಲ್ಯಾಬ್ ಫಾರಂನಲ್ಲಿ ರೋಗಿಯ ವಯಸ್ಸಿಗೆ ಜಾಗವೇ ಯಾಕಿಲ್ಲ, ಇಂಥ ಮಾತು ಬರುತ್ತವೆ. ಬರೆದುಕೊಳ್ಳಿ. ಅವುಗಳಲ್ಲಿ ಒಂದನ್ನಾದರೂ ಆ ವಾರವೇ ಸರಿಪಡಿಸಿ, ಸರಿಯಾಯಿತು ಎಂದು ಅವರಿಗೆ ಹೋಗಿ ತಿಳಿಸಿ. ಮುಂದಿನ ಸಲ ಕರೆಯದೆಯೇ ಬಂದು ಹೇಳುತ್ತಾರೆ.